ಕೇಳುಗನಿಗೆ ಅರ್ಥವಾಗದ ರೇಡಿಯೋ ಪಟ್ಟಿ ಯಾರಿಗಾಗಿ?

ಮುಂಬಯಿ ಕನ್ನಡಿಗರ ಮನೆಗಳಲ್ಲಿ ರೇಡಿಯೋ ಮೂಲೆ ಸೇರಿದೆ ಎನ್ನುವವರಿದ್ದಾರೆ. ಆದರೂ ರಾತ್ರಿ ಊಟ ಮುಗಿಸಿ ಧಾರವಾಡ, ಬೆಂಗಳೂರು ನಿಲಯಗಳನ್ನು ಹುಡುಕುವ ಹಿರಿಯರು ಇಂದಿಗೂ ಇದ್ದಾರೆ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ಮೇಲಿನ ವಾಯುಪದರ ಸೂರ್ಯಾಸ್ತದ ನಂತರ ಕ್ಷೀಣಿಸುವುದರಿಂದ ಊರಿನ ದನಿ ಇಲ್ಲಿಯವರೆಗೂ ಬರುತ್ತದೆ. ಅವರಿಗೆ ದೂರಕ್ಕಿಂತ ದೊಡ್ಡ ಅಡ್ಡಿ ಪಟ್ಟಿಯ ಭಾಷೆ. ನಿಲಯ ಸಿಗದಿದ್ದಾಗ ರೇಡಿಯೋ ಕೆಟ್ಟಿದೆಯೆಂದೋ, ನಿಲಯವೇ ಮುಚ್ಚಿದೆಯೆಂದೋ ತಿಳಿದು ಅವರು ಸುಮ್ಮನಾಗುತ್ತಾರೆ.

ಗೊಂದಲ ಹೆಸರಿನಿಂದಲೇ ಶುರು. ಫ್ರೀಕ್ವೆನ್ಸಿಗೆ ಆಕಾಶವಾಣಿಯವರು ಕಂಪನಾಂಕ ಎಂದರೆ ಪಠ್ಯಪುಸ್ತಕ ಆವೃತ್ತಿ ಎನ್ನುತ್ತದೆ. 2ಜಿ ಹಗರಣದ ದಿನಗಳಲ್ಲಿ ಪತ್ರಿಕೆಗಳು ತರಂಗಾಂತರ ಎಂದವು. ಆದರೆ ತರಂಗಾಂತರವೆಂದರೆ ಅಲೆಯಿಂದ ಅಲೆಗಿರುವ ದೂರ, ಅದರ ಲೆಕ್ಕ ಮೀಟರಿನಲ್ಲಿ. ಕಂಪನಾಂಕ ಏರಿದಷ್ಟೂ ತರಂಗಾಂತರ ಇಳಿಯುತ್ತದೆ.

ಬೆಂಗಳೂರಿನ ಮಧ್ಯಮ ತರಂಗವನ್ನೇ ನೋಡೋಣ. 612 ಕಿಲೋಹರ್ಟ್ಸ್, 0.612 ಮೆಗಾಹರ್ಟ್ಸ್, 490.2 ಮೀಟರ್ ಮೂರೂ ಒಂದೇ ಜಾಗ. ಸಾವಿರ ಕಿಲೋಹರ್ಟ್ಸ್ ಸೇರಿದರೆ ಒಂದು ಮೆಗಾಹರ್ಟ್ಸ್. ಮೂರು ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಪಕ್ಕದಲ್ಲಿರುವ ‘200 ಕಿಲೋವ್ಯಾಟ್’ ಪ್ರೇಷಕದ ಶಕ್ತಿ; ಅದನ್ನು ಡಯಲ್ ಮೇಲೆ ಹುಡುಕಬಾರದು. ಪಟ್ಟಿಯಲ್ಲಿ ಎಂ.ಡಬ್ಲ್ಯು. ಎಂದಿದ್ದು, ರೇಡಿಯೋದ ಮೇಲೆ ಎ.ಎಂ. ಎಂದಷ್ಟೇ ಇದ್ದರೆ ತಿರುಗಿಸಬೇಕಾದದ್ದು ಅಲ್ಲಿಗೇ.

ಅಚ್ಚಿನ ತಪ್ಪು ಹಿಡಿಯಲೂ ಒಂದು ಲೆಕ್ಕವಿದೆ. 1975ರ ಜಿನೀವಾ ಒಪ್ಪಂದ 1978ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಕಡೆಯ ಮಧ್ಯಮ ತರಂಗದ ಸಂಖ್ಯೆಗಳು ಒಂಬತ್ತರ ಅಂತರದಲ್ಲಿವೆ. ಎಲ್ಲವೂ ಒಂಬತ್ತರಿಂದ ಭಾಗವಾಗುತ್ತವೆ. 612ರ ಅಂಕೆಗಳನ್ನು ಕೂಡಿದರೆ ಒಂಬತ್ತು. ಯಾರಾದರೂ 621 ಎಂದು ಬರೆದರೂ ಒಂಬತ್ತೇ! ಅಂಕೆ ತಪ್ಪಿದರೆ ಈ ಲೆಕ್ಕ ಹಿಡಿಯುತ್ತದೆ, ಅದಲುಬದಲಾದರೆ ಹಿಡಿಯುವುದಿಲ್ಲ. ಧಾರವಾಡಕ್ಕೆ 765, ಭದ್ರಾವತಿಗೆ 675 ಎಂದು ಗೊತ್ತುಮಾಡಿದ್ದು. ಎರಡು ಅಂಕೆ ಸ್ಥಳ ಬದಲಿಸಿದರೆ ಊರೇ ಬದಲಾಗುತ್ತದೆ. ಇನ್ನು ಮಕ್ಕಳು ಅಮೆರಿಕದಿಂದ ತಂದುಕೊಟ್ಟ ಡಿಜಿಟಲ್ ರೇಡಿಯೋ ಹತ್ತರ ಹೆಜ್ಜೆಯಲ್ಲಿ 610ರಿಂದ 620ಕ್ಕೆ ಜಿಗಿಯುತ್ತದೆ. ಒಂಬತ್ತಕ್ಕೆ ಬದಲಿಸುವ ಸೌಲಭ್ಯ ಅದರಲ್ಲಿದೆಯೇ ಎಂದು ಮೊದಲು ನೋಡಬೇಕು.

ವಿದೇಶಿ ಪ್ರಸಾರಗಳ ಪಟ್ಟಿಯಲ್ಲಿ ವೇಳೆಯದೂ ತೊಡಕು. ಅಲ್ಲಿ ಯು.ಟಿ.ಸಿ. ಎಂದಿದ್ದರೆ ಐದೂವರೆ ತಾಸು ಕೂಡಿಸಬೇಕು. ಭಾನುವಾರ 2000 ಯು.ಟಿ.ಸಿ. ಎಂದರೆ ನಮಗೆ ಸೋಮವಾರ ನಸುಕಿನ ಒಂದೂವರೆ. ಡಿ.ಆರ್.ಎಂ. ಎಂದಿದ್ದರೆ ಅದು ಡಿಜಿಟಲ್ ಪ್ರಸಾರ. ಸಾಮಾನ್ಯ ಸೆಟ್ಟಿನಲ್ಲಿ ಬರೀ ಗೊರಗೊರ ಸದ್ದು. ಇತ್ತೀಚಿನ ವರ್ಷಗಳಲ್ಲಿ ಹಲವು ಮಧ್ಯಮ ತರಂಗ ಪ್ರೇಷಕಗಳು ನಿಂತುಹೋಗಿರುವುದರಿಂದ ತಾರೀಖಿಲ್ಲದ ಪಟ್ಟಿಯನ್ನು ನಂಬುವಂತೆಯೂ ಇಲ್ಲ.

ಮೊಬೈಲ್‌ನಲ್ಲಿ ಆಕಾಶವಾಣಿ ಸಿಗುವಾಗ ಇದೆಲ್ಲ ಏಕೆ ಎಂದು ಕಿರಿಯರು ಕೇಳಬಹುದು. ಆದರೆ ಎಂಬತ್ತರ ಹಿರಿಯರಿಗೆ ಪರಿಚಿತವಾದದ್ದು ಗುಂಡಿ ತಿರುಗಿಸುವ ರೇಡಿಯೋ. ಅವರು ಕಿವಿಗೊಡುವುದನ್ನು ಬಿಟ್ಟರೆ ನಾಳೆ ‘ಕೇಳುಗರೇ ಇಲ್ಲ’ ಎಂಬ ಕಾರಣಕ್ಕೆ ಇನ್ನೊಂದು ಪ್ರೇಷಕ ನಿಲ್ಲುವುದು ಕಷ್ಟವಲ್ಲ.

ಆಕಾಶವಾಣಿಯೂ ಪತ್ರಿಕೆಗಳೂ ಮಧ್ಯಮ ತರಂಗಕ್ಕೆ ಕಿಲೋಹರ್ಟ್ಸ್, ಎಫ್.ಎಂ.ಗೆ ಮೆಗಾಹರ್ಟ್ಸ್ ಎಂಬ ಒಂದೇ ಕ್ರಮ ಪಾಲಿಸಲಿ. ಭಾರತೀಯ ವೇಳೆ, ಪಟ್ಟಿಯ ತಾರೀಖು ಕಡ್ಡಾಯವಾಗಿರಲಿ. ವರ್ಷವರ್ಷವೂ ಕ್ಯಾಲೆಂಡರ್ ಹಂಚುವ ನಮ್ಮ ಕನ್ನಡ ಸಂಘಗಳು ಅದರ ಹಿಂಬದಿಯಲ್ಲಿ ಕರ್ನಾಟಕದ ನಿಲಯಗಳ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ. ಖರ್ಚು ಹೆಚ್ಚಿಲ್ಲ. ಎಷ್ಟೋ ಮನೆಗಳಲ್ಲಿ ರಾತ್ರಿಯ ಒಂಟಿತನಕ್ಕೆ ಅದು ಕನ್ನಡದ ಜೊತೆ ಕೊಟ್ಟೀತು.