ಅಂಗಡಿಯ ಡ್ರ್ಯಾಗನ್ನೂ ಬೇಲಿಯ ಮೇಲಿನ ಓತಿಕ್ಯಾತವೂ

ಚೀನಾದ ಜನಪದರ ಕಲ್ಪನೆಯಲ್ಲಿ ಡ್ರ್ಯಾಗನ್ ಮಳೆ ಸುರಿಸುವ, ನದಿ ಕೆರೆಗಳನ್ನು ಕಾಯುವ ಜೀವಿ. ಯೂರೋಪಿನ ಕಥೆಗಳಲ್ಲಿ ಅದು ನಿಧಿಯ ಮೇಲೆ ಕುಳಿತು ಬೆಂಕಿಯುಗುಳುವ ದುಷ್ಟಮೃಗ. ಮುಗಿಲನ್ನೇ ನಂಬಿ ಬಿತ್ತುವ ಯಾದಗಿರಿ ಸೀಮೆಗೆ ಮೊದಲನೆಯದು ಬಂದಿದ್ದರೆ ಆರತಿ ಎತ್ತಿ ಬರಮಾಡಿಕೊಳ್ಳಬಹುದಿತ್ತು. ಬಂದಿರುವುದು ಮೂರನೆಯದು: ಮೊಬೈಲಿನ ಪರದೆಯಿಂದ ಮಕ್ಕಳ ಕಣ್ಣಿಗೂ ಅಲ್ಲಿಂದ ತಂದೆತಾಯಿಯರ ಕಿಸೆಗೂ ಇಳಿದಿರುವ ಅಂಗಡಿಯ ಡ್ರ್ಯಾಗನ್. ಇದಕ್ಕೆ ಮಳೆಯೂ ಗೊತ್ತಿಲ್ಲ, ನಿಧಿಯೂ ಬೇಕಿಲ್ಲ. ವರ್ಷಕ್ಕೊಮ್ಮೆ ಮಗುವಿನ ಹುಟ್ಟುಹಬ್ಬ ಬಂದರೆ ಸಾಕು.

ಹತ್ತಿಕುಣಿಯಲ್ಲಿ ಒಂದು ಮನೆಯವರು ಐದು ತುಂಬಿದ ಮಗುವಿಗಾಗಿ ಇಂಥ ಹಬ್ಬಕ್ಕೆ ಹೊರಟರೆಂದು ಭಾವಿಸಿದರೆ ಸಾಮಾನಿನ ಚೀಟಿ ತಾನಾಗಿ ಬೆಳೆಯುತ್ತದೆ. ಬಾಗಿಲಿಗೆ ಫ್ಲೆಕ್ಸ್, ಗೋಡೆಗೆ ಥರ್ಮೊಕೋಲಿನ ಡ್ರ್ಯಾಗನ್ ತಲೆ, ಕಡ್ಡಿ ಸಿಕ್ಕಿಸಿದ ಬಲೂನು, ಮಿಂಚಿನ ಪುಡಿ, ಒಮ್ಮೆ ಉಂಡು ಎಸೆಯುವ ತಟ್ಟೆ ಲೋಟ. ಈ ಚೀಟಿಯನ್ನೇ ಎದುರಿಗಿಟ್ಟುಕೊಂಡು ಕಾನೂನು ಬರೆದಂತಿದೆ. ಫ್ಲೆಕ್ಸು, ಬಂಟಿಂಗು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಯಾದ ನಿಷೇಧದಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇದೆ, ಅಲಂಕಾರದ ಥರ್ಮೊಕೋಲ್ ಇದೆ, ಸಿಹಿತಿನಿಸಿನ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳುಹಾಳೆ ಕೂಡ ಇದೆ. ಆದರೂ ಇವೆಲ್ಲ ಅಂಗಡಿಯ ಮುಂಭಾಗದಲ್ಲಿಯೇ ತೂಗಾಡುತ್ತವೆ. ನಿಷೇಧಿಸಿದವರ ಹುಟ್ಟುಹಬ್ಬಕ್ಕೂ ವೃತ್ತದಲ್ಲಿ ಫ್ಲೆಕ್ಸು ಏಳುವ ನಾಡಿನಲ್ಲಿ ಅಂಗಡಿಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಎರಡು ತಾಸಿನ ಸಂಭ್ರಮ ಮುಗಿದ ಮೇಲೆ ಈ ಡ್ರ್ಯಾಗನ್ ಎಲ್ಲಿಗೆ ಹೋಗುತ್ತದೆ? ಪಟ್ಟಣವಾದರೆ ಕಸದ ಗಾಡಿಯಾದರೂ ಬರುತ್ತದೆ. ಹಳ್ಳಿಯಲ್ಲಿ ಅದು ತಿಪ್ಪೆಗೆ, ಚರಂಡಿಗೆ, ಮೊದಲ ದೊಡ್ಡ ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಜಲಾಶಯಕ್ಕೆ. ಹೊಲಕ್ಕೆ ಹರಿಯುವುದೂ ದನ ಕುಡಿಯುವುದೂ ಅದೇ ನೀರು. ಥರ್ಮೊಕೋಲ್ ಕರಗುವುದಿಲ್ಲ, ಕಾಳುಕಾಳಾಗಿ ಒಡೆಯುತ್ತದೆ. ಮೀನಿಗೆ ಆ ಕಾಳು ಆಹಾರದಂತೆ ಕಾಣುತ್ತದೆ. ಉಳಿದದ್ದನ್ನು ಸುಟ್ಟುಬಿಡೋಣವೆಂದರೆ ಫ್ಲೆಕ್ಸಿನಲ್ಲಿರುವ ಪಿವಿಸಿ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೆಂಕಿಯುಗುಳುವ ಡ್ರ್ಯಾಗನ್ ಎಂಬ ಮಾತು ನಿಜವಾಗುವುದು ತಿಪ್ಪೆಯಲ್ಲಿ.

ತಿನಿಸಿನ ಕಥೆ ಇನ್ನೂ ಕೆಟ್ಟದ್ದು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕುಗಳ ಪೈಕಿ 12 ಕೃತಕ ಬಣ್ಣದ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಅದೇ ವರ್ಷದ ಮಾರ್ಚಿನಲ್ಲಿ ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣಕ್ಕೆ ನಿಷೇಧ ಬಿದ್ದಿತು. ಇನ್ನು ಬಾಯಿ ಮೂಗಿನಿಂದ ಬಿಳಿ ಹೊಗೆ ಬಿಡಿಸುವ ಸ್ಮೋಕ್ ಬಿಸ್ಕೆಟ್ ಇದೆ. ಪರದೇಶದಲ್ಲಿ ಇದರ ಹೆಸರೇ ಡ್ರ್ಯಾಗನ್ನಿನ ಉಸಿರು. ಆ ಹೊಗೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿಯೇ ಇದನ್ನು ತಿನ್ನಬೇಡಿರೆಂದು ಎಚ್ಚರಿಸಿತ್ತು. 2024ರಲ್ಲಿ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ ಬಾಲಕನೊಬ್ಬ ಇದನ್ನು ತಿಂದು ನೋವಿನಿಂದ ಚೀರಿದ ದೃಶ್ಯ ನಾಡೆಲ್ಲ ಹರಿದಾಡಿತು. ಆ ಬಳಿಕವಷ್ಟೇ ಕರ್ನಾಟಕದಲ್ಲಿ ಇದಕ್ಕೆ ತಡೆ ಬಂದದ್ದು. ಮಗು ಚೀರುವ ತನಕ ಕಾಯುವ ಎಚ್ಚರಕ್ಕೆ ಎಚ್ಚರವೆನ್ನಬಹುದೇ?

ಹಣದ ಮಾತನ್ನು ಸಂಕೋಚದಿಂದಲಾದರೂ ಆಡಲೇಬೇಕು. ಯಾದಗಿರಿ ಜಿಲ್ಲೆಯ ಸಾವಿರಾರು ಕುಟುಂಬಗಳು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಅಲ್ಲಿ ಕಟ್ಟುವ ಮಹಡಿಗಳ ಒಳಗೆ ಯಾರದೋ ಮಕ್ಕಳ ಹಬ್ಬ ನಡೆಯುವುದನ್ನು ಕಂಡ ತಾಯಿಗೆ ತನ್ನ ಮಗುವಿಗೂ ಅಂಥದೊಂದು ಸಂಜೆ ಬೇಕೆನಿಸಿದರೆ ಅದು ಆಡಂಬರವಲ್ಲ, ಆಸೆ. ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಹಳಿಯಬೇಕಾದದ್ದು, ಆ ಆಸೆಯನ್ನು ತೀರಿಸಲು ಒಂದೇ ದಾರಿಯಿದೆ, ಅದು ಅಂಗಡಿಯ ಮೂಲಕವೇ ಹಾದುಹೋಗುತ್ತದೆ ಎಂದು ನಂಬಿಸಿದ ಕೊಳ್ಳುಬಾಕ ಸಂಸ್ಕೃತಿಯನ್ನು. ಒಂದು ಮನೆಯಲ್ಲಿ ಡ್ರ್ಯಾಗನ್ ಬಂದರೆ ಪಕ್ಕದ ಮನೆಯ ಮಗುವೂ ಕೇಳುತ್ತದೆ. ಪಕ್ಕದ ಮನೆಯವರು ಕೈಗಡ ಮಾಡುತ್ತಾರೆ.

ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಸಂಜೆ ಥರ್ಮೊಕೋಲಿನ ಹಲ್ಲಿಗೆ ಚಪ್ಪಾಳೆ ತಟ್ಟಿದ ಮಕ್ಕಳು ಮರುದಿನ ಬೇಲಿಯ ಮೇಲಿನ ಓತಿಕ್ಯಾತಕ್ಕೆ ಕಲ್ಲು ಹೊಡೆಯುತ್ತಾರೆ. ಬೆದೆಗಾಲದಲ್ಲಿ ಗಂಡು ಓತಿಯ ತಲೆ, ಕೊರಳು ಕೆಂಪೇರುವುದನ್ನು ಕಂಡು ಅದು ರಕ್ತ ಹೀರುತ್ತದೆಂದು ಯಾರೋ ಹೇಳಿದ ಸುಳ್ಳಿಗೆ ಆ ಪ್ರಾಣಿ ಜೀವ ತೆರುತ್ತಿದೆ. ಅದು ತಿನ್ನುವುದು ಹುಳುಹುಪ್ಪಟೆ. ದಕ್ಕನ್ನಿನ ಒಣ ಬಯಲಿನಲ್ಲಿ ಇನ್ನೊಂದು ಪುಟ್ಟ ಓತಿಯಿದೆ. ಮಳೆಗಾಲಕ್ಕೆ ಮುಂಚೆ ಅದರ ಗಂಡು ಕಲ್ಲಿನ ತುದಿಯೇರಿ ಗಂಟಲಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಹೆಣ್ಣನ್ನು ಕರೆಯುತ್ತದೆ. ಗುಡ್ಡದ ಉಡವನ್ನು ಮಾಂಸಕ್ಕೂ ಚರ್ಮಕ್ಕೂ ಕೊಲ್ಲಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿ ಹುಲಿಯ ಜೊತೆಗೆ ಅದರ ಹೆಸರೂ ಇದೆಯೆಂಬುದು ಎಷ್ಟು ಮನೆಗಳಿಗೆ ಗೊತ್ತು? ಪಶ್ಚಿಮ ಘಟ್ಟದಲ್ಲಿ ಪಕ್ಕೆಲುಬುಗಳ ಮೇಲೆ ಚರ್ಮದ ರೆಕ್ಕೆ ಹರಡಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಗೆ ವಿಜ್ಞಾನ ಕೊಟ್ಟ ಕುಲನಾಮ ಡ್ರೇಕೊ, ಅಂದರೆ ಡ್ರ್ಯಾಗನ್ ಎಂದೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಅದರ ಬೆನ್ನುಹತ್ತಿ ಇಡೀ ಕನ್ನಡ ಓದುಗರನ್ನು ಕಾಡಿಗೆ ಕರೆದೊಯ್ದಿತು. ಕನ್ನಡದ ಮಗುವಿಗೆ ಡ್ರ್ಯಾಗನ್ ತೋರಿಸಲು ಇಷ್ಟೆಲ್ಲ ಇರುವಾಗ ಬಲೂನು ಊದುವುದು ಯಾತಕ್ಕೆ?

ಪರಿಸರವಾದಿಗಳು ಮಕ್ಕಳ ಸಂತೋಷಕ್ಕೂ ಅಡ್ಡ ಬರುತ್ತಾರೆಂಬ ಆಕ್ಷೇಪ ಹಳೆಯದು. ಡ್ರ್ಯಾಗನ್ ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಬರಲಿ, ಆದರೆ ಮಣ್ಣಿನಲ್ಲಿ ಹುಟ್ಟಿ ಬರಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತಿದ್ದುವ, ಪಂಚಮಿಗೆ ನಾಗಪ್ಪನನ್ನು ಮಾಡುವ ಅಜ್ಜಿಯರು ಮನೆಮನೆಯಲ್ಲಿರುವ ಸೀಮೆಯಿದು. ಎತ್ತನ್ನು ಮಾಡಬಲ್ಲ ಕೈಗೆ ಮೊಳದುದ್ದದ ಡ್ರ್ಯಾಗನ್ ಕಷ್ಟವಲ್ಲ. ಸಂಜೆಯ ಹಬ್ಬಕ್ಕೆ ಮಕ್ಕಳನ್ನು ಬೆಳಿಗ್ಗೆಯೇ ಕರೆದು ಕೆರೆಯ ಜೇಡಿಮಣ್ಣು ಕೊಟ್ಟರೆ ಅರ್ಧ ಹಬ್ಬ ಅಲ್ಲಿಯೇ ಆಗಿಹೋಗುತ್ತದೆ. ರೆಕ್ಕೆಗೆ ಮುತ್ತುಗದ ಎಲೆ, ಬೆನ್ನಿನ ಮುಳ್ಳಿಗೆ ಜೋಳದ ದಂಟಿನ ಸೀಳು, ಕಣ್ಣಿಗೆ ಜೋಳದ ಕಾಳು. ಗುಲಗಂಜಿ ಚೆಂದ ಕಾಣುತ್ತದೆ ನಿಜ, ಆದರೆ ಅದನ್ನು ಜಗಿದರೆ ಪ್ರಾಣಕ್ಕೆ ಅಪಾಯ. ಸಣ್ಣ ಮಕ್ಕಳಿರುವಲ್ಲಿ ಬೇಡ. ಊಟಕ್ಕೆ ಶೇಂಗಾ ಹೋಳಿಗೆ, ಚುರುಮುರಿ. ದೊಡ್ಡವರಿಗೆ ಡ್ರ್ಯಾಗನ್ನಿನ ಬೆಂಕಿ ಬೇಕೇಬೇಕೆಂದರೆ ಮಿರ್ಚಿ ಭಜಿ ಇದ್ದೇ ಇದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಬ್ಬ ಶಿಕ್ಷಕರೋ ಕಾಲೇಜಿನ ವಿದ್ಯಾರ್ಥಿಯೋ ಮಕ್ಕಳನ್ನು ಗುಡ್ಡದ ಕಲ್ಲುಗಳ ಬಳಿಗೆ ಕರೆದೊಯ್ಯಲಿ. ಯಾರ ಕೈಯಲ್ಲಿಯೂ ಕಲ್ಲಿರಬಾರದೆಂಬುದೊಂದೇ ನಿಯಮ. ಕಂಡ ಓತಿಗಳನ್ನೂ ನೀರಿನ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗಳನ್ನೂ ಎಣಿಸಿ, ಆ ಲೆಕ್ಕವನ್ನು ಹುಟ್ಟುಹಬ್ಬದ ಮಗುವಿನ ಹೆಸರಿನಲ್ಲಿ ಶಾಲೆಯ ಗೋಡೆಗೆ ಅಂಟಿಸಲಿ. ಮುಂದಿನ ವರ್ಷ ಅದೇ ದಿನ ಮತ್ತೆ ಎಣಿಸಬಹುದು. ಮಣ್ಣಿನ ಡ್ರ್ಯಾಗನ್ ಅಷ್ಟರಲ್ಲಿ ಅಂಗಳದ ಮಳೆಗೆ ಕರಗಿ ತುಳಸಿಯ ಬುಡ ಸೇರಿರುತ್ತದೆ.