ಮೂರು ದಿನಗಳ ಮನೆದಾರಿ



ಹಾಲೆಂಡಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನಮಗೊಂದು ದೀರ್ಘವಾದ ಪತ್ರ ಬರೆದಿದ್ದನು. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಮೋಟಾರು ವಾಹನದಲ್ಲಿ ಹೆಂಡತಿ ಮಕ್ಕಳೊಡನೆ ಇಟಲಿಯಿಂದ ಹೊರಟು, ಫ್ರಾನ್ಸ್, ಬೆಲ್ಜಿಯಂ ದೇಶಗಳನ್ನು ಹಾದು, ಮೂರು ವಾರಗಳಲ್ಲಿ ಸಾವಕಾಶವಾಗಿ ಮನೆ ಸೇರಿದನಂತೆ. "ದೇಶ ದಾಟಿದ್ದು ಫಲಕ ನೋಡಿದ ಮೇಲೆಯೇ ತಿಳಿಯಿತು, ಗುರುಗಳೇ" ಎಂದು ಬರೆದಿದ್ದನು. 1985ರಲ್ಲಿ ಆದ ಷೆಂಗೆನ್ ಒಪ್ಪಂದವು 1995ರಲ್ಲಿ ಜಾರಿಗೆ ಬಂದಂದಿನಿಂದ ಅದಕ್ಕೆ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ತಪಾಸಣೆಯಿಲ್ಲ.

ಪತ್ರ ಓದಿ ಬೆರಗಾಗಿದ್ದ ನಮಗೂ ಅಂಥದೊಂದು ಪ್ರಯಾಣ ಒದಗಿ ಬಂದಿತು. ಹಿಂದೂಪುರದಲ್ಲಿರುವ ಮಗಳ ಮನೆಯಲ್ಲಿ ನಮ್ಮ ತಾಯಿಯವರಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಅವರನ್ನು ಓಬಳಾಪುರಕ್ಕೆ ಕರೆತರಬೇಕಾಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮುಟ್ಟುವ ದಾರಿ. ಆದರೆ ಎಂಬತ್ತು ದಾಟಿದ ಅವ್ವ ಒಪ್ಪಲಿಲ್ಲ. "ಅವಸರ ಯಾಕಪ್ಪಾ? ಕಣ್ಣು ಬಂದೈತೆ, ನೋಡ್ಕೊಂತ ಹೋಗಾನ" ಎಂದರು.

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬನ ವ್ಯಾನು ಬಂದಿತು. ಹಿಂದಿನ ಆಸನಗಳನ್ನು ತೆಗೆಸಿ ಹಾಸಿಗೆ ಹಾಸಿದೆವು. ಮನೆಯವರು ಸೀಮೆಎಣ್ಣೆ ಒಲೆ, ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಬಿಂದಿಗೆ ಹೇರಿದರು. ರಜೆಯಿದ್ದ ಕಾರಣ ಹತ್ತು ವರ್ಷದ ಮೊಮ್ಮಗನೂ ಹೊರಟನು. ಹಿಂದೆ ಕಮಾನು ಕಟ್ಟಿದ ಬಂಡಿಯಲ್ಲಿ ಹೀಗೆಯೇ ಹೋಗುತ್ತಿದ್ದೆವೆಂದು ಅವ್ವ ಹಿಗ್ಗಿದರು.

ಮೊದಲು ಲೇಪಾಕ್ಷಿ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರನ ಗುಡಿ. ಅಲ್ಲಿಂದ ಮಡಕಶಿರಾ. ಅನಂತಪುರ ಜಿಲ್ಲೆಯಲ್ಲಿದ್ದ ಆ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾತ್ರಿಗೆ ಹೇಮಾವತಿಯಲ್ಲಿ ತಂಗಿದೆವು. ಹೆಂಜೇರು ಎಂಬ ಹಳೆಯ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರದು. ಇಲ್ಲಿಯ ಶಿಲ್ಪಗಳಲ್ಲಿ ಕೆಲವು ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿವೆ. ಸಿದ್ಧೇಶ್ವರನು ಲಿಂಗರೂಪದಲ್ಲಿಲ್ಲದೆ ಮನುಷ್ಯಾಕಾರದಲ್ಲಿ ಕುಳಿತಿರುವುದನ್ನು ಅವ್ವ ಹೊಸ ಕಣ್ಣುಗಳಿಂದ ಬಹಳ ಹೊತ್ತು ನೋಡಿದರು.

ಅವ್ವನಿಗೆ ಅಕ್ಷರ ಬಾರದು. ದಾರಿಯುದ್ದಕ್ಕೂ ಮರಿಮಗನಿಗೆ "ಇದ್ಯಾವೂರು, ಓದಪ್ಪಾ" ಎನ್ನುತ್ತಿದ್ದರು. ಅವನು ತೆಲುಗು ಫಲಕಗಳನ್ನು ನಿರರ್ಗಳವಾಗಿ ಓದುತ್ತಿದ್ದನು. ಮರುದಿನ ಗಡಿ ದಾಟಿ ಹಿರಿಯೂರಿನ ಹಾದಿ ಹಿಡಿದಾಗ ಫಲಕಗಳು ಕನ್ನಡಕ್ಕೆ ತಿರುಗಿದವು, ಹುಡುಗನು ಮೌನವಾದನು. ವಂದನೀಯ ಓದುಗರೇ, ಮುಚ್ಚುಮರೆಯೇಕೆ? ಮೂವತ್ತು ವರ್ಷ ಊರ ಮಕ್ಕಳ ಕೈ ಹಿಡಿದು ತಿದ್ದಿಸಿದ ನಾವು ಸ್ವಂತ ಮೊಮ್ಮಗನಿಗೆ ಒಂದು ಅಕ್ಷರವನ್ನೂ ತಿದ್ದಿಸಿರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಷ್ಟು ಸಾಕೆಂದು ಸಮಾಧಾನ ಹೇಳಿಕೊಂಡಿದ್ದೆವು.

ವಾಣಿವಿಲಾಸ ಸಾಗರದ ಬಳಿ ಮಧ್ಯಾಹ್ನದ ಊಟ. 1933ರ ತರುವಾಯ 2022ರಲ್ಲಿಯೇ ಕೋಡಿ ಬಿದ್ದ ಜಲಾಶಯವಿದು. ಇಲ್ಲಿಯ ವೇದಾವತಿಯೇ ಮುಂದೆ ನಮ್ಮ ರಾಯದುರ್ಗದ ಸೀಮೆಗೆ ಹಗರಿಯಾಗಿ ಬರುವವಳು. ಅವ್ವ ಮುಖ ತೊಳೆದು ಹಳೆಯ ಕಥೆ ತೆಗೆದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವಷ್ಟೆ. ಆಗ ಅವ್ವ ಇನ್ನೂ ಹುಡುಗಿ. "ನಾವೆಲ್ಲಿಗೂ ಹೋಗ್ಲಿಲ್ಲ, ಊರೇ ಹೋತು" ಎಂದು ನಕ್ಕರು.

ಮೂರನೆಯ ದಿನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಇಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನೆಂಬವನು ಕೊನೆಯಲ್ಲಿ 'ಲಿಪಿಕಾರ' ಎಂಬ ತನ್ನ ವೃತ್ತಿಯ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಭರತಖಂಡದ ವಾಯವ್ಯ ಮೂಲೆಯ ಲಿಪಿ. ಇದನ್ನು ವಿವರಿಸಿದೆವು. "ಅಷ್ಟು ದೂರ ಬಂದೋನು ತಮ್ಮೂರ ಅಕ್ಷರ ಮರೀಲಿಲ್ಲ ನೋಡು" ಎಂದರು ಅವ್ವ. ಯಾರನ್ನು ಕುರಿತೂ ಹೇಳಿದ ಮಾತಲ್ಲ ಅದು. ಆದರೂ ನಮಗೆ ತಾಗಿತು.

ಅಲ್ಲಿಂದ ಹೊರಟ ಮೇಲೆ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಫಲಕ ತೋರಿಸತೊಡಗಿದೆವು. ತೆಲುಗು ಬಲ್ಲವನಿಗೆ ಕನ್ನಡದ ಲಿಪಿ ಅರ್ಧ ಪರಿಚಿತವೇ. ಎರಡೂ ಒಂದೇ ಬೇರಿನವು. ತಲೆಕಟ್ಟಿನ ಭೇದವನ್ನೂ ರೂಪ ಬದಲಾದ ಕೆಲವು ಅಕ್ಷರಗಳನ್ನೂ ಹೇಳಿಕೊಟ್ಟರೆ ಸಾಕು. ರಾಂಪುರ ಬರುವಷ್ಟರಲ್ಲಿ ಅವನು ತಡವರಿಸುತ್ತಲಾದರೂ ಊರ ಹೆಸರು ಕೂಡಿಸಿ ಓದಿದನು. ಮುಂದೆ ಸ್ವಲ್ಪ ದೂರಕ್ಕೆ ಗಡಿ ಬಂದು ಫಲಕಗಳು ಮತ್ತೆ ತೆಲುಗಾದವು. ಈ ಸಲ ಪಾಠ ನಿಲ್ಲಲಿಲ್ಲ.

ಗಡಿಯಾಚೆಯ ಕನ್ನಡ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳು ಜೀವನೋಪಾಯಕ್ಕೆ ಬೇಕಾದ ಭಾಷೆಗಳನ್ನು ಚೆನ್ನಾಗಿ ಕಲಿಯಲಿ. ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮನೆಯ ಹಿರಿಯರು ಕನ್ನಡಕ್ಕೆ ಮೀಸಲಿಡಲಿ. ಶಾಲೆಯನ್ನು ದೂರುವ ಮೊದಲು ನಮ್ಮ ಜಗಲಿಯನ್ನು ನೋಡಿಕೊಳ್ಳೋಣ. ಮುಖ್ಯೋಪಾಧ್ಯಾಯರ ಜಗಲಿಯೂ ಇದಕ್ಕೆ ಹೊರತಲ್ಲವೆಂದು ಈಗ ತಿಳಿಯಿತು.

ಮನೆ ಸೇರಿದ ಎಂಟನೆಯ ದಿನ ಹುಡುಗನು ಹಲಗೆಯ ಮೇಲೆ ಮುತ್ತಜ್ಜಿಯ ಹೆಸರು ಬರೆದು ತಂದನು. ಅವ್ವ ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, "ಸರಿಯಾಗಿ ಬರದಾನೇನಪ್ಪಾ?" ಎಂದು ಕೇಳಿದರು.

"ತಲೆಕಟ್ಟು ತೆಲುಗಿನದು, ಅವ್ವಾ, ಉಳಿದದ್ದೆಲ್ಲ ನಮ್ಮದು" ಎಂದೆವು.