ಕೊನೆಯವರನ್ನೂ ಕಾಯುವ ಕ್ಯಾಮೆರಾ: ಟ್ರಯಥ್ಲಾನ್ ಟಿವಿಯಲ್ಲಿ ಗೆದ್ದದ್ದು ಹೇಗೆ?

ಮಕ್ತಲ್: ಯುಗಾದಿ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳ ಸಾಲು ರಸ್ತೆಗಳಲ್ಲಿ ಕಾಣತೊಡಗುತ್ತದೆ. ದಾರಿಯ ಊರುಗಳ ಜನ ನೀರು, ಮಜ್ಜಿಗೆ, ಊಟ ಇಟ್ಟುಕೊಂಡು ಕಾಯುತ್ತಾರೆ. ಯಾರು ಮೊದಲು ಮುಟ್ಟಿದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕಾಲು ಬಾತು, ಕುಂಟುತ್ತಾ ಹಿಂದೆ ಬಿದ್ದವರ ಮೇಲೆಯೇ ಎಲ್ಲರ ಕಣ್ಣು. 'ಐರನ್‌ಮ್ಯಾನ್' ಎಂಬ ದೂರದ ಟ್ರಯಥ್ಲಾನ್ ಸ್ಪರ್ಧೆ ಟಿವಿ ಮುಂದೆ ಜನರನ್ನು ಹಿಡಿದು ಕೂರಿಸಿದ ಗುಟ್ಟೂ ಇದೇ.

ಈ ಸ್ಪರ್ಧೆಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಮೂರೂ ಒಂದೇ ದಿನ, ನಡುವೆ ಬಿಡುವಿಲ್ಲ. ಇಲ್ಲಿಯ ಲೆಕ್ಕದಲ್ಲಿ ಹೇಳುವುದಾದರೆ ಸೈಕಲ್ ದಾರಿ ಹೆಚ್ಚುಕಡಿಮೆ ಗದ್ವಾಲದಿಂದ ಹೈದರಾಬಾದ್‌ವರೆಗೆ. ಅದಾದ ಮೇಲೆ ಮಕ್ತಲ್‌ನಿಂದ ರಾಯಚೂರಿನ ಹತ್ತಿರದವರೆಗೆ ಓಡಬೇಕು. ಗೆಲ್ಲುವ ಪುರುಷರಿಗೆ ಸುಮಾರು ಎಂಟು ಗಂಟೆ ಬೇಕು. ಸಾಮಾನ್ಯ ಸ್ಪರ್ಧಿಗಳಿಗೆ 17 ಗಂಟೆಯ ಗಡುವು. ಇಷ್ಟು ಉದ್ದದ ಆಟವನ್ನು ಯಾರು ನೋಡುತ್ತಾರೆ?

ಸೋತವರಿಂದ ಸಿಕ್ಕ ಹೆಸರು

1978ರಲ್ಲಿ ಹವಾಯಿಯ ಒಆಹು ದ್ವೀಪದಲ್ಲಿ ಮೊದಲ ಸ್ಪರ್ಧೆ ನಡೆದಾಗ ಇದ್ದವರು 15 ಜನ. ಗುರಿ ಮುಟ್ಟಿದವರು 12. 1980ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ಕ್ಯಾಮೆರಾ ತಂದಿತು. ಆದರೆ ಜಗತ್ತಿನ ಗಮನ ಸೆಳೆದದ್ದು 1982ರ ಫೆಬ್ರವರಿಯ ದೃಶ್ಯ. ಮುಂದಿದ್ದ ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿ ಗುರಿಯ ಹತ್ತಿರವೇ ಕುಸಿದುಬಿದ್ದರು. ಎದ್ದರು, ಮತ್ತೆ ಬಿದ್ದರು. ಕ್ಯಾಥ್ಲೀನ್ ಮೆಕಾರ್ಟ್ನಿ ಅವರನ್ನು ದಾಟಿ ಮೊದಲಿಗರಾದರು. ಮಾಸ್ ಅಂಬೆಗಾಲಿಟ್ಟು 29 ಸೆಕೆಂಡ್ ತಡವಾಗಿ ಗೆರೆ ಮುಟ್ಟಿದರು. ಗೆದ್ದವರ ಹೆಸರು ಅನೇಕರಿಗೆ ಮರೆತುಹೋಗಿದೆ, ಎರಡನೆಯವರ ಹೆಸರು ಉಳಿದಿದೆ.

ಟಿವಿಯವರು ಇದರಿಂದ ಪಾಠ ಕಲಿತರು. 1991ರಿಂದ ಎನ್‌ಬಿಸಿ ಚಾನೆಲ್ ಇಡೀ ದಿನದ ಸ್ಪರ್ಧೆಯನ್ನು ಕೆಲವು ವಾರಗಳ ಬಳಿಕ ಒಂದು ಚಿಕ್ಕ ಕಾರ್ಯಕ್ರಮವಾಗಿ ಕತ್ತರಿಸಿ ತೋರಿಸತೊಡಗಿತು. ಅದರಲ್ಲಿ ಚಾಂಪಿಯನ್ನರ ಜೊತೆಗೆ ಸಾಮಾನ್ಯ ಸ್ಪರ್ಧಿಗಳ ಬದುಕಿನ ಕಥೆಯೂ ಇರುತ್ತಿತ್ತು. 2020ರಲ್ಲಿ ಫ್ಲಾರಿಡಾದಲ್ಲಿ ಡೌನ್ ಸಿಂಡ್ರೋಮ್ ಇರುವ ಕ್ರಿಸ್ ನಿಕಿಕ್ 16 ಗಂಟೆ 46 ನಿಮಿಷದಲ್ಲಿ ಸ್ಪರ್ಧೆ ಮುಗಿಸಿದರು. ಗಡುವಿಗೆ ಉಳಿದಿದ್ದು 14 ನಿಮಿಷ. ಆ ದಿನದ ದೊಡ್ಡ ಸುದ್ದಿ ಅದೇ ಆಯಿತು.

ಈಗ ಇಂಟರ್ನೆಟ್‌ನಲ್ಲಿ ನೇರ ಪ್ರಸಾರವೂ ಇದೆ. ಗಂಟೆಗಟ್ಟಲೆ ಏನೂ ನಡೆಯದಂತೆ ಕಾಣುತ್ತದೆ, ಕೊನೆಗೆ ಎಲ್ಲ ಒಮ್ಮೆಗೇ ನಡೆದುಹೋಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಮಹಿಳೆಯರ ಸ್ಪರ್ಧೆಯಲ್ಲಿ ಬ್ರಿಟನ್ನಿನ ಲೂಸಿ ಚಾರ್ಲ್ಸ್-ಬಾರ್ಕ್ಲೇ ಬಿಸಿಲಿಗೆ ಬಳಲಿ ಓಟದ ನಡುವೆಯೇ ನಿಂತರು. ಬಳಿಕ ಮುಂದಿದ್ದ ಅಮೆರಿಕದ ಟೇಲರ್ ನಿಬ್ ಗುರಿಗೆ ಕೆಲವೇ ಕಿ.ಮೀ. ಇರುವಾಗ ಕುಸಿದು ಕುಳಿತರು. ಗೆದ್ದವರು ನಾರ್ವೆಯ ಸೊಲ್ವೆಗ್ ಲೋವ್ಸೆತ್.

ಇಲ್ಲೊಂದು ಅಪಾಯವೂ ಇದೆ. ಬೀಳುವವರನ್ನೇ ತೋರಿಸುತ್ತಾ ಹೋದರೆ ಸಂಕಟವೇ ಮನರಂಜನೆಯಾಗುತ್ತದೆ. ಬಿಸಿಲಿನ ಹೊಡೆತಕ್ಕೆ ಜೀವವೇ ಹೋಗಬಹುದು ಎಂಬುದು ಕೃಷ್ಣಾ ತೀರದ ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವವರಿಗೆ ಹೇಳಿಕೊಡಬೇಕಿಲ್ಲ. ನಿಲ್ಲಬೇಕಾದಾಗ ನಿಂತದ್ದೂ ಧೈರ್ಯವೇ ಎಂದು ಟಿವಿ ಹೇಳಬೇಕು.

ಮೂರು ನಿಮಿಷದ ಒಳಗೆ

ಕನ್ನಡಿಗರಿಗೆ ಈ ಆಟ ಹತ್ತಿರವಾದದ್ದು 2024ರ ಅಕ್ಟೋಬರ್ 27ರಂದು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಅರ್ಧ ದೂರದ 'ಐರನ್‌ಮ್ಯಾನ್ 70.3' ಮುಗಿಸಿದರು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಪ್ರಧಾನಿ ನರೇಂದ್ರ ಮೋದಿ ಅಭಿನಂದಿಸಿದರು. ಅವರ ಸಮಯ 8 ಗಂಟೆ 27 ನಿಮಿಷ 32 ಸೆಕೆಂಡ್. ಈ ದೂರಕ್ಕೆ ಸಾಮಾನ್ಯ ಗಡುವು ಎಂಟೂವರೆ ಗಂಟೆ. ಅಂದರೆ ಮೂರು ನಿಮಿಷವೂ ಉಳಿದಿರಲಿಲ್ಲ. ಪಕ್ಷ ಯಾವುದೇ ಇರಲಿ, ನೋಡುಗರ ಎದೆ ಹೊಡೆದುಕೊಳ್ಳಬೇಕಾದ ಗಳಿಗೆ ಅದು. ಪದಕ ಹಿಡಿದ ಫೋಟೋ ಮತ್ತು ಒಂದು ಸಾಲಿನ ಸುದ್ದಿ ನೋಡಿದವರಿಗೆ ಆ ಕೊನೆಯ ನಿಮಿಷಗಳು ಸಿಗಲೇ ಇಲ್ಲ.

ಕಬಡ್ಡಿ ಬೇರೆ ದಾರಿ ತೋರಿಸಿದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಹಳ್ಳಿಯ ಆಟಕ್ಕೆ ಹೊಸ ವೀಕ್ಷಕರು ಸಿಕ್ಕಿದ್ದು ಪ್ರತಿ ದಾಳಿಯನ್ನೂ ಬಿಡಿಸಿ ಹೇಳಿದ್ದರಿಂದ. 2018ರ ಕೊನೆಯಲ್ಲಿ ಕ್ರೀಡೆಗೇ ಮೀಸಲಾದ ಕನ್ನಡ ಚಾನೆಲ್ ಕೂಡ ಬಂತು. ತೆಲುಗಿನ ನಡುವೆ ಕನ್ನಡ ಉಳಿಸಿಕೊಂಡ ಕೃಷ್ಣಾ ಮಂಡಲದಂಥ ಗಡಿ ಭಾಗದ ಮನೆಗಳಿಗೆ ಆಟದ ಮಾತು ಮನೆಯ ಭಾಷೆಯಲ್ಲೇ ಕೇಳಿಸಿತು. ಆದರೆ ಕನ್ನಡದ ಕಾಮೆಂಟರಿ ಹೆಚ್ಚಾಗಿ ಕ್ರಿಕೆಟ್, ಕಬಡ್ಡಿಗಷ್ಟೇ ಸೀಮಿತ.

ಜಿಲ್ಲೆಗೆ ಏನು ಪಾಠ?

ನಾರಾಯಣಪೇಟೆ, ಗದ್ವಾಲದ ಮಕ್ಕಳು ನಾಳೆಯೇ ಟ್ರಯಥ್ಲಾನ್‌ಗೆ ಇಳಿಯಬೇಕೆಂದಲ್ಲ. ಸ್ಪರ್ಧೆಯ ಸೈಕಲ್‌ಗೆ ಲಕ್ಷಗಟ್ಟಲೆ ಬೆಲೆ. ಈಜಲು ಕೃಷ್ಣೆಯೇ ಇದೆಯಲ್ಲ ಎನ್ನುವಂತೆಯೂ ಇಲ್ಲ, ನದಿಯಲ್ಲಿ ಮೊಸಳೆಗಳಿವೆ. ಟಿವಿ ನೋಡಿ ಹುರುಪಿಗೆ ಬಿದ್ದು ಜುರಾಲಾ ಜಲಾಶಯಕ್ಕೆ ಹಾರಿದರೆ ಅನಾಹುತ ತಪ್ಪದು. ಸುರಕ್ಷಿತ ಈಜುಕೊಳ ಮತ್ತು ಕಲಿಸುವವರು ಮೊದಲು ಬೇಕು.

ಕಲಿಯಬೇಕಾದದ್ದು ತೋರಿಸುವ ರೀತಿ. ಊರಿನ ಓಟದ ಸ್ಪರ್ಧೆ ಸ್ಥಳೀಯ ಕೇಬಲ್‌ನಲ್ಲಿ ಬಂದರೂ ಕಾಣುವುದು ವೇದಿಕೆ, ಹಾರ, ಬಹುಮಾನ ಕೊಡುವ ಮುಖಂಡರು. ಮೊದಲ ಮೂವರು ಬಂದೊಡನೆ ಕ್ಯಾಮೆರಾ ತಿರುಗುತ್ತದೆ. ಬರಿಗಾಲಲ್ಲಿ ಓಡಿ ಕೊನೆಗೆ ಬಂದ ಹುಡುಗಿಗೆ ಚಪ್ಪಾಳೆಯೂ ಇಲ್ಲ. ಮರುವರ್ಷ ಆಕೆ ಮೈದಾನಕ್ಕೆ ಬರುವುದೂ ಅನುಮಾನ.

ಕ್ಯಾಮೆರಾ ಇನ್ನು ಹತ್ತು ನಿಮಿಷ ಗೆರೆಯ ಬಳಿ ನಿಂತರೆ ಖರ್ಚೇನೂ ಹೆಚ್ಚಾಗದು. ಶ್ರೀಶೈಲದ ದಾರಿಯಲ್ಲಿ ಮಜ್ಜಿಗೆ ಹಿಡಿದು ಕಾಯುವ ಜನರಿಗೆ ಇದನ್ನು ಹವಾಯಿ ಕಲಿಸಬೇಕಾಗಿಲ್ಲ. ಅವರು ಕೊನೆಯ ಯಾತ್ರಿ ದಾಟಿದ ಮೇಲೆಯೇ ಪಾತ್ರೆ ಎತ್ತುತ್ತಾರೆ.